ಪೂರ್ವದೇಶಗಳ ಪಥಿಕಾಶ್ರಯಗಳು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಉತ್ಸವಕ್ಕೆಂದು ದೂರದ ಊರುಗಳಿಂದ ಬಂದ ಭಕ್ತರಿಗೆ ಮಠದಲ್ಲಿ ಮೊದಲು ದೊರೆಯುವುದು ಕಾಲಿಗೆ ನೀರು, ಕುಳಿತುಕೊಳ್ಳಲು ನೆಳಲು, ಹಸಿವಿಗೆ ಪ್ರಸಾದ. ಬಂದವರ ಹೆಸರೇನು, ಊರು ಯಾವುದು ಎಂದು ಕೇಳುವುದು ಆಮೇಲಿನ ಮಾತು. ಈ ಕ್ರಮವು ಎಲ್ಲರಿಗೂ ರೂಢಿಯಾಗಿ ಹೋಗಿರುವುದರಿಂದ ಅದರ ಬೆಲೆ ಎಷ್ಟೆಂಬುದು ಬೇಗನೆ ಮನಸ್ಸಿಗೆ ಬಾರದು. ಮನೆಯಿಂದ ನೂರು ಹರದಾರಿಯಾಚೆ, ಗುರುತಿನವರೊಬ್ಬರೂ ಇಲ್ಲದ ಸೀಮೆಯಲ್ಲಿ, ಹೊತ್ತು ಮುಳುಗುವ ಸಮಯಕ್ಕೆ ತೆರೆದ ಬಾಗಿಲೊಂದನ್ನು ಕಂಡವನಿಗೇ ಆ ಬೆಲೆ ತಿಳಿಯುವುದು. ಪೂರ್ವದೇಶಗಳ ಹೆದ್ದಾರಿಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಇಂತಹ ಬಾಗಿಲುಗಳು ತೆರೆದಿದ್ದುವು. ಅವುಗಳನ್ನು ಯಾರು ಕಟ್ಟಿಸಿದರು, ಯಾರ ದ್ರವ್ಯದಿಂದ ಅವು ನಡೆದುವು, ಕಡೆಗೆ ಹೇಗೆ ಮುಚ್ಚಿದುವು ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶವು.

ಉಗಿಬಂಡಿಯೂ ಮೋಟಾರೂ ಇಲ್ಲದ ಕಾಲದಲ್ಲಿ ದೂರದ ವ್ಯಾಪಾರವೆಂದರೆ ದೂರದ ಪ್ರವಾಸವೇ ಆಗಿದ್ದಿತು. ಚೀನದ ರೇಶಿಮೆ, ಹಿಂದುಸ್ಥಾನದ ಹತ್ತಿಯ ಬಟ್ಟೆ, ಮೆಣಸು, ನೀಲಿ, ಪರ್ಶಿಯಾದ ರತ್ನಗಂಬಳಿ ಇವೆಲ್ಲವೂ ಒಂಟೆ, ಕುದುರೆ, ಹೇಸರಗತ್ತೆಗಳ ಬೆನ್ನಿನ ಮೇಲೆ ತಿಂಗಳುಗಟ್ಟಲೆ ನಡೆಯಬೇಕಾಗಿದ್ದುವು. ದಾರಿಯಲ್ಲಿ ಕಳ್ಳರ ಭಯವಿತ್ತು. ಅದಕ್ಕಿಂತ ಮಿಗಿಲಾಗಿ ನೀರಿಲ್ಲದ ಮರಳುಗಾಡಿನ ಭಯವಿತ್ತು. ಆದುದರಿಂದ ವರ್ತಕರು ಒಬ್ಬೊಬ್ಬರೇ ಹೋಗದೆ ಗುಂಪುಕೂಡಿ ಹೋಗುತ್ತಿದ್ದರು. ಇಂತಹ ಗುಂಪಿಗೆ ಸಂಸ್ಕೃತದಲ್ಲಿ ಸಾರ್ಥವೆಂದೂ, ಅದರ ಮುಂದಾಳಿಗೆ ಸಾರ್ಥವಾಹನೆಂದೂ ಹೆಸರು. ಪರ್ಶಿಯನ್ನರು ಅದನ್ನು ಕಾರವಾನ್ ಎಂದರು. ಆ ಭಾಷೆಯಲ್ಲಿ ಸರಾಯ್ ಎಂದರೆ ದೊಡ್ಡ ಮನೆ. ಇವೆರಡೂ ಕೂಡಿ ಕಾರವಾನ್‌ಸರಾಯ್ ಎಂಬ ಶಬ್ದವಾಯಿತು. ಹಿಂದುಸ್ಥಾನದಲ್ಲಿ ಇದು ಸರಾಯಿ ಎಂದು ಮಾತ್ರ ಉಳಿಯಿತು; ಅರಬರೂ ತುರ್ಕರೂ ಇದನ್ನೇ ಖಾನ್, ಹಾನ್ ಎಂದು ಕರೆದರು. ಹೈದರಾಬಾದಿನಲ್ಲಿ ಗೋಲ್ಕೊಂಡದ ಕಡೆಗಿರುವ ಒಂದು ಪೇಟೆಗೆ ಕಾರವಾನ್ ಎಂಬ ಹೆಸರು ಇಂದಿಗೂ ಇರುವುದು.

ಭಾರ ಹೊತ್ತ ಒಂಟೆಯು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿಗಿಂತ ಹೆಚ್ಚು ನಡೆಯಲಾರದು. ಆದಕಾರಣ ದೊಡ್ಡ ದಾರಿಗಳಲ್ಲಿ ಸುಮಾರು ಅಷ್ಟಷ್ಟು ಅಂತರಕ್ಕೆ ಒಂದೊಂದು ತಂಗುದಾಣವು ಬೇಕಾಯಿತು. ಪಶುವಿನ ಕಾಲಿನ ಬಲವೇ ಈ ಕಟ್ಟಡಗಳ ನಡುವಿನ ಅಳತೆಗೋಲು.

ಇವುಗಳ ಮೂಲವು ಬಹು ಪ್ರಾಚೀನವಾದುದು. ಗ್ರೀಕ ಇತಿಹಾಸಕಾರನಾದ ಹೆರೊಡೊಟಸನು ಕ್ರಿ. ಪೂ. ಐದನೆಯ ಶತಮಾನದಲ್ಲಿ ಪರ್ಶಿಯಾದ ರಾಜಮಾರ್ಗವನ್ನು ವರ್ಣಿಸಿರುವನು. ಸಾರ್ಡಿಸ್ ನಗರದಿಂದ ಸೂಸಾ ರಾಜಧಾನಿಯವರೆಗಿನ ಆ ದಾರಿಯಲ್ಲಿ 111 ತಂಗುದಾಣಗಳಿದ್ದುವೆಂದೂ, ಅದನ್ನು ನಡೆದು ಮುಗಿಸಲು 90 ದಿವಸಗಳು ಬೇಕಾಗುತ್ತಿದ್ದುವೆಂದೂ ಅವನ ಲೆಕ್ಕ. ಆದರೆ ಅವು ಮುಖ್ಯವಾಗಿ ಅರಸನ ದೂತರ ಮತ್ತು ಅಧಿಕಾರಿಗಳ ಉಪಯೋಗಕ್ಕಾಗಿ ಏರ್ಪಟ್ಟವು. ರಾಜ್ಯದ ಕೆಲಸವು ಬೇಗನೆ ಸಾಗಬೇಕೆಂಬುದೇ ಅಲ್ಲಿಯ ಉದ್ದೇಶ.

ಇದಾದ ಸುಮಾರು ಇನ್ನೂರು ವರ್ಷಗಳ ತರುವಾಯ ಭರತಖಂಡದ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನವನ್ನು ಕೊರೆಯಿಸಿದನು. ಆ ಕಂಬವು ಈಗ ದಿಲ್ಲಿಯ ಫಿರೋಜಶಹ ಕೋಟಲೆಯಲ್ಲಿ ನಿಂತಿದೆ. ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಬೆಳೆಯಿಸಿದುದನ್ನೂ, ಬಾವಿಗಳನ್ನು ತೋಡಿಸಿದುದನ್ನೂ, ಮನುಷ್ಯರಿಗೂ ಪಶುಗಳಿಗೂ ವಿಶ್ರಾಂತಿಯ ಮನೆಗಳನ್ನು ಮತ್ತು ಅರವಟ್ಟಿಗೆಗಳನ್ನು ಏರ್ಪಡಿಸಿದುದನ್ನೂ ಅದರಲ್ಲಿ ಹೇಳಿದೆ. ಅಷ್ಟಕ್ಕೇ ನಿಲ್ಲದೆ, ಹಿಂದಿನ ಅರಸರೂ ಇಂತಹ ಸುಖಗಳನ್ನು ಪ್ರಜೆಗಳಿಗೆ ಕೊಟ್ಟಿದ್ದರೆಂದೂ, ಇದು ದೊಡ್ಡ ಸಂಗತಿಯಲ್ಲವೆಂದೂ, ಜನರು ಧರ್ಮವನ್ನು ಅನುಸರಿಸಲಿ ಎಂಬುದಕ್ಕಾಗಿಯೇ ಇದನ್ನು ಮಾಡಿದುದೆಂದೂ ಅರಸನು ತಿಳಿಸುತ್ತಾನೆ. ಸೂಸಾದ ದಾರಿಯಲ್ಲಿ ಅರಸನ ದೂತನಿಗೆ ಮನೆಯಿತ್ತು. ಇಲ್ಲಿ ಹೆಸರಿಲ್ಲದ ದಾರಿಗನಿಗೂ ಅವನ ಎತ್ತಿಗೂ ನೆಳಲಿತ್ತು. ಪಥಿಕಾಶ್ರಯದ ಚರಿತ್ರೆಯಲ್ಲಿ ಇದು ದೊಡ್ಡ ಮಾರ್ಪಾಡು.

ಇನ್ನು ಈ ಸರಾಯಿಗಳ ರಚನೆಯನ್ನು ನೋಡಬಹುದು. ಹೊರಗಿನಿಂದ ಅದು ಕೋಟೆಯಂತೆ ಕಾಣುವುದು. ಎತ್ತರವಾದ ಗೋಡೆ, ಮೂಲೆಗಳಲ್ಲಿ ಬುರುಜು, ಒಂದೇ ಒಂದು ಹೆಬ್ಬಾಗಿಲು. ಭಾರ ಹೇರಿದ ಒಂಟೆಯು ಸುಲಭವಾಗಿ ಒಳಗೆ ಬರುವಷ್ಟು ಆ ಬಾಗಿಲು ವಿಶಾಲವಾಗಿರುವುದು. ಒಳಗೆ ಬಯಲಾದ ಅಂಗಳ, ಅಲ್ಲಿ ಬಾವಿ ಅಥವಾ ನೀರಿನ ತೊಟ್ಟಿ. ಅಂಗಳದ ಸುತ್ತಲೂ ನೆಲದಿಂದ ಎತ್ತರಿಸಿದ ಜಗಲಿಗಳು, ಅವುಗಳ ಹಿಂದೆ ಚಿಕ್ಕ ಚಿಕ್ಕ ಕೋಣೆಗಳು, ಕೋಣೆಗಳ ಹಿಂದೆ ಹೊರಗೋಡೆಗೆ ಹೊಂದಿಕೊಂಡು ಲಾಯಗಳು. ಜಗಲಿಯು ಎತ್ತರವಾಗಿರುವುದರಿಂದ ಹೇರನ್ನು ಇಳಿಸುವುದೂ ಹೇರುವುದೂ ಸುಲಭ. ಮಳೆ ಕಡಮೆಯಾದ ಪರ್ಶಿಯಾದಲ್ಲಿ ಗುಮ್ಮಟವುಳ್ಳ ನೀರಿನ ಕೊಳಗಳನ್ನು ಪಕ್ಕದಲ್ಲಿಯೇ ಕಟ್ಟುತ್ತಿದ್ದರು. ಖುರಾಸಾನದಲ್ಲಿ ನಿಶಾಪುರದಿಂದ ಮರ್ವಕ್ಕೆ ಹೋಗುವ ದಾರಿಯ ಮೇಲೆ ಸುಮಾರು 1114ರಲ್ಲಿ ಕಟ್ಟಿದ ರಿಬಾತ್-ಇ-ಶರಫ್ ಎಂಬ ತಂಗುದಾಣವು ಬರೀ ಇಟ್ಟಿಗೆಯಿಂದ ಇಷ್ಟು ಸೊಗಸನ್ನು ತರಬಹುದೇ ಎಂದು ನೋಡುವವರು ಬೆರಗಾಗುವಂತಿದೆ. ತುರ್ಕರ ಅನಾತೋಲಿಯಾದಲ್ಲಿ ಚಳಿಯು ವಿಶೇಷ. ಅಲ್ಲಿ ಅಂಗಳದ ಹಿಂದೆ ಕಲ್ಲಿನ ಕಮಾನುಗಳುಳ್ಳ ದೊಡ್ಡ ಮುಚ್ಚಿದ ಸಾಲೆಯನ್ನು ಕಟ್ಟುತ್ತಿದ್ದರು. ಸುಲ್ತಾನ ಅಲಾಉದ್ದೀನ ಕೈಕುಬಾದನು 1229ರಲ್ಲಿ ಅಕ್ಸರಾಯ್ ಎಂಬ ಊರಿನ ಹತ್ತಿರ ಕಟ್ಟಿಸಿದ ಸುಲ್ತಾನ್ ಹಾನ್ ಈ ಬಗೆಯದು. ಬೆಂಕಿಯಿಂದ ಕೆಟ್ಟ ಅದನ್ನು 1278ರಲ್ಲಿ ಮರಳಿ ಸರಿಪಡಿಸಿದರು.

ಕಟ್ಟಡವನ್ನು ನೋಡಿದ ಮೇಲೆ ಅಲ್ಲಿಯ ಒಂದು ರಾತ್ರಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹದಿನೇಳನೆಯ ಶತಮಾನದ ತುರ್ಕ ಪ್ರವಾಸಿಯಾದ ಎವ್ಲಿಯಾ ಚೆಲೆಬಿಯು ಲುಲೆಬುರ್ಗಾಸ್ ಎಂಬ ಊರಿನ ಸರಾಯಿಯ ಪದ್ಧತಿಯನ್ನು ಬರೆದಿಟ್ಟಿರುವನು. ಸಂಜೆಯಾದ ಮೇಲೆ ವಾದ್ಯವನ್ನು ಬಾರಿಸಿ ಬಾಗಿಲು ಮುಚ್ಚುವರು. ಬಾಗಿಲ ಕಾವಲಿನವರು ದೀಪವನ್ನು ಹಚ್ಚಿಟ್ಟು ಅಲ್ಲಿಯೇ ಮಲಗುವರು. ನಡುರಾತ್ರಿಯಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಿದರೆ ಅವರನ್ನು ಒಳಕ್ಕೆ ಕರೆದು ಇದ್ದುದನ್ನು ಉಣಬಡಿಸಬೇಕು. ಆದರೆ ಒಳಗಿನವರನ್ನು ಮಾತ್ರ, ಪ್ರಪಂಚವೇ ಮುಳುಗಿದರೂ, ಬೆಳಗಾಗುವವರೆಗೆ ಹೊರಕ್ಕೆ ಬಿಡಕೂಡದು. ಬೆಳಗಾದಾಗ ಕಾವಲಿನವರು ಅಂಗಳದಲ್ಲಿ ನಿಂತು, ಎಲ್ಲರ ಪ್ರಾಣ, ಸರಕು, ಕುದುರೆ, ಬಟ್ಟೆಬರೆ ಸರಿಯಾಗಿವೆಯೇ ಎಂದು ಕೂಗಿ ಕೇಳುವರು. ಎಲ್ಲವೂ ಸರಿಯಾಗಿದೆಯೆಂದು ಪಥಿಕರು ಒಪ್ಪಿ, ಕಟ್ಟಿಸಿದ ಪುಣ್ಯಾತ್ಮನನ್ನು ಹರಸಿದ ಬಳಿಕವೇ ಬಾಗಿಲು ತೆರೆಯುವುದು. ಇದರಲ್ಲಿ ಎರಡು ಗುಣಗಳು ಕೂಡಿವೆ. ಹೊರಗಿನವನಿಗೆ ಬಾಗಿಲು ಯಾವ ಹೊತ್ತಿಗೂ ತೆರೆದೀತು, ಅದು ದಯೆ. ಒಳಗಿದ್ದವನ ಸೊತ್ತು ಕಳೆಯದಂತೆ ಅದೇ ಬಾಗಿಲು ಮುಚ್ಚಿರುವುದು, ಅದು ನ್ಯಾಯ. ನ್ಯಾಯವನ್ನು ಬಿಟ್ಟ ದಯೆಯಿಂದ ಛತ್ರವು ಕಳ್ಳರ ಗವಿಯಾಗುವುದು. ದಯೆಯನ್ನು ಬಿಟ್ಟ ನ್ಯಾಯದಿಂದ ಅದು ಸೆರೆಮನೆಯಾಗುವುದು.

ಇಷ್ಟೆಲ್ಲವೂ ನಡೆಯುವುದಕ್ಕೆ ಹಣವೆಲ್ಲಿಂದ ಬರಬೇಕು? ಈ ಪ್ರಶ್ನೆಯೇ ಮುಖ್ಯವಾದುದು. ಪಟ್ಟಣಗಳ ಒಳಗಿದ್ದ ಎಷ್ಟೋ ಸರಾಯಿಗಳು ಬಾಡಿಗೆಯಿಂದ ನಡೆಯುತ್ತಿದ್ದುವು. ಅರಸರು ಕಟ್ಟಿಸಿದ ಕೆಲವು ರಾಜ್ಯದ ಲಾಭಕ್ಕಾಗಿ ಆದುವು. ಪರ್ಶಿಯಾದ ಶಹ ಅಬ್ಬಾಸನು (1588–1629) 999 ಸರಾಯಿಗಳನ್ನು ಕಟ್ಟಿಸಿದನೆಂದು ಅಲ್ಲಿಯ ಜನರು ಹೇಳುವರು. ಅದು ಎಣಿಕೆಯ ಮಾತಲ್ಲ, ಹೊಗಳಿಕೆಯ ಮಾತು. ಆದರೂ ಆತನ ಕಾಲದಲ್ಲಿ ಅವು ಬಹಳವಾಗಿ ಹೆಚ್ಚಿದುದು ನಿಜ. ರೇಶಿಮೆಯ ವ್ಯಾಪಾರದಿಂದ ಬೊಕ್ಕಸವು ತುಂಬಬೇಕೆಂಬ ದೃಷ್ಟಿಯೂ ಅದರಲ್ಲಿ ಇದ್ದೇ ಇದ್ದಿತು. ಇವೆರಡನ್ನೂ ಬಿಟ್ಟು ಮೂರನೆಯ ಮಾರ್ಗವೊಂದಿತ್ತು. ಅದು ಧರ್ಮದತ್ತಿಯ ಮಾರ್ಗ. ಮುಸಲ್ಮಾನ ದೇಶಗಳಲ್ಲಿ ಇದಕ್ಕೆ ವಕ್ಫ್ ಎಂದು ಹೆಸರು. ದಾನಿಯು ಕಟ್ಟಡದ ಜೊತೆಗೆ ಹಳ್ಳಿ, ಹೊಲ, ಅಂಗಡಿಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಆ ಉತ್ಪನ್ನವು ಏತಕ್ಕೆ ವೆಚ್ಚವಾಗಬೇಕೆಂಬುದನ್ನು ಪತ್ರದಲ್ಲಿ ಬರೆಯಿಸುವನು.

ಇಂತಹ ದತ್ತಿಪತ್ರಗಳಲ್ಲಿ ಕ್ರಿ. ಶ. 1247ರದೊಂದು ಲೋಕದ ಎಲ್ಲಾ ಧರ್ಮದವರೂ ತಿಳಿದಿರತಕ್ಕದ್ದು. ಅದು ಅನಾತೋಲಿಯಾದ ಕೈಸೇರಿ ನಗರದ ಪೂರ್ವಕ್ಕಿರುವ ಕರತಾಯ್ ಹಾನ್ ಎಂಬ ಸರಾಯಿಯ ಪತ್ರ. ಜಲಾಲುದ್ದೀನ ಕರತಾಯನು ಗ್ರೀಕ ಮೂಲದವನು. ಸುಲ್ತಾನನ ಮನೆಗೆ ಗುಲಾಮನಾಗಿ ಬಂದು, ಬಿಡುಗಡೆ ಹೊಂದಿ, ಗುಣದಿಂದ ಮೇಲೇರಿ ರಾಜ್ಯದ ಭಾರವನ್ನೇ ಹೊತ್ತವನು. ಅವನ ಪತ್ರದ ಪ್ರಕಾರ ಆ ಸರಾಯಿಗೆ ಬಂದ ಪ್ರತಿಯೊಬ್ಬ ಪಥಿಕನಿಗೂ ರೊಟ್ಟಿ ಮತ್ತು ಬೇಯಿಸಿದ ಅಡಿಗೆ ಸಲ್ಲಬೇಕು. ಅವನು ಮುಸಲ್ಮಾನನಾಗಿರಲಿ ಪರಮತದವನಾಗಿರಲಿ, ಗಂಡಾಗಲಿ ಹೆಣ್ಣಾಗಲಿ, ಸ್ವತಂತ್ರನಾಗಲಿ ಗುಲಾಮನಾಗಲಿ, ಯಾವ ಭೇದವೂ ಕೂಡದು. ಶುಕ್ರವಾರಕ್ಕೊಮ್ಮೆ ಜೇನಿನ ಸಿಹಿಯನ್ನು ಹಂಚಬೇಕು. ರೋಗಿಗೆ ಔಷಧವನ್ನು ಕೊಡಿಸಬೇಕು. ಬಡವನ ಕಾಲಿಗೆ ಕೆರವಿಲ್ಲದಿದ್ದರೆ ಕೆರವನ್ನು ಒದಗಿಸಬೇಕು. ಪಶುಗಳಿಗೆ ಮೇವು, ಕುದುರೆಗೆ ಲಾಳ ಇವೂ ಆ ಧರ್ಮದಲ್ಲಿ ಸೇರಿದ್ದುವು.

ಈ ಪತ್ರವು ಹುಟ್ಟಿದ ಕಾಲವನ್ನು ಗಮನಿಸಬೇಕು. ಅದಕ್ಕೆ ನಾಲ್ಕೇ ವರ್ಷ ಮುಂಚೆ, 1243ರಲ್ಲಿ, ಕೋಸೆದಾಗ್ ಎಂಬಲ್ಲಿ ಮಂಗೋಲ ದಂಡು ಸೆಲ್ಜೂಕ ಸುಲ್ತಾನನನ್ನು ಸೋಲಿಸಿತು. ಕೈಸೇರಿ ನಗರವು ಸೂರೆಹೋಯಿತು. ಗೆದ್ದವರಿಗೆ ಕಪ್ಪವನ್ನು ತೆರುತ್ತ ರಾಜ್ಯವು ಬಡವಾಗಿದ್ದಿತು. ಅಂತಹ ದುರ್ದಿನಗಳಲ್ಲಿ ಮನುಷ್ಯನು ಬಾಗಿಲು ಮುಚ್ಚಿ ತನ್ನವರನ್ನು ಮಾತ್ರ ಕಾಪಾಡಿಕೊಳ್ಳುವುದು ಸಹಜ. ಕರತಾಯನು ಹಾಗೆ ಮಾಡಲಿಲ್ಲ. ಗುಲಾಮನಿಗೂ ಸ್ವತಂತ್ರನಿಗೂ ಒಂದೇ ಬಡಿಸುವಿಕೆ ಎಂಬುದು ಅವನಿಗೆ ಶಾಸ್ತ್ರದಿಂದ ಮಾತ್ರ ತಿಳಿದುದಲ್ಲ, ಬಾಳಿನಿಂದ ತಿಳಿದುದು. ತಾನು ಒಮ್ಮೆ ನಿಂತಿದ್ದ ಕೆಳಗಿನ ಮೆಟ್ಟಲನ್ನು ಮೇಲೇರಿದ ಮೇಲೆಯೂ ಮರೆಯದವನ ಕೈಯಿಂದಲೇ ಇಂತಹ ಪತ್ರವು ಬರಬಲ್ಲದು.

ಭರತಖಂಡದಲ್ಲಿಯೂ ಈ ಧರ್ಮವು ನಾನಾ ವಿಧವಾಗಿ ನಡೆಯಿತು. 1325ರಲ್ಲಿ ತಾಂಜೀರ ನಗರವನ್ನು ಬಿಟ್ಟು ಹೊರಟ ಇಬ್ನ ಬತೂತನು ಗೋವೆಯಿಂದ ಕೊಲ್ಲಮಿನವರೆಗಿನ ಪಶ್ಚಿಮ ಕರಾವಳಿಯನ್ನು ಕಂಡನು. ಹೊನ್ನಾವರ, ಬಾರಕೂರು, ಮಂಗಳೂರುಗಳು ಆ ಕರಾವಳಿಯವೇ. ದಾರಿಯುದ್ದಕ್ಕೂ ಮರದ ನೆಳಲು, ಅರ್ಧ ಅರ್ಧ ಮೈಲಿಗೆ ಕುಳಿತುಕೊಳ್ಳಲು ಜಗಲಿಗಳುಳ್ಳ ಒಂದೊಂದು ಮರದ ಮನೆ, ಅದರ ಪಕ್ಕದಲ್ಲಿ ಬಾವಿ, ನೀರು ಕೊಡುವುದಕ್ಕೆ ಒಬ್ಬ ಮನುಷ್ಯ ಎಂದು ಅವನು ಬರೆದಿದ್ದಾನೆ. ಹಿಂದುವಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದರು. ಮುಸಲ್ಮಾನನಿಗೆ ಬೊಗಸೆಗೆ ಸುರಿಯುತ್ತಿದ್ದರು. ನೀರು ಇಬ್ಬರಿಗೂ ಸಿಕ್ಕಿತು, ಆದರೆ ಪಾತ್ರೆಯು ಇಬ್ಬರಿಗೂ ಸಿಕ್ಕಲಿಲ್ಲ. ಧರ್ಮವು ದಾರಿಯ ಅರ್ಧಕ್ಕೆ ಬಂದು ನಿಲ್ಲುವುದೆಂದರೆ ಹೀಗೆಯೇ.

ಶೇರಶಹನು 1540ರಿಂದ 1545ರವರೆಗೆ ಐದೇ ವರ್ಷ ದಿಲ್ಲಿಯನ್ನಾಳಿದನು. ಆ ಐದು ವರ್ಷಗಳಲ್ಲಿ ಬಂಗಾಳದ ಸೋನಾರಗಾಂವದಿಂದ ಸಿಂಧುನದಿಯ ಕಡೆಗೆ ಹೋಗುವ ಹೆದ್ದಾರಿ ಮೊದಲಾದವುಗಳಲ್ಲಿ ಎರಡೆರಡು ಕೋಸಿಗೆ ಒಂದರಂತೆ 1700 ಸರಾಯಿಗಳನ್ನು ಕಟ್ಟಿಸಿದನೆಂದು ಇತಿಹಾಸಕಾರ ಅಬ್ಬಾಸಖಾನ ಸರ್ವಾನಿಯು ಹೇಳುವನು. ಹಿಂದುಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ವಸತಿ; ಹಿಂದುಗಳಿಗೆ ನೀರು, ಹಾಸಿಗೆ, ಅಡಿಗೆ, ಕುದುರೆಗೆ ಕಾಳು ಒದಗಿಸಲು ಬ್ರಾಹ್ಮಣರ ನೇಮಕ; ಸುದ್ದಿಯನ್ನು ಒಯ್ಯುವುದಕ್ಕೆ ಪ್ರತಿಯೊಂದು ಸರಾಯಿಯಲ್ಲಿ ಎರಡು ಕುದುರೆಗಳು. ಅಲ್ಲಿಯ ಕಾವಲುಗಾರರೇ ಮೊದಲಾದವರ ಜೀವನಕ್ಕೆ ಹತ್ತಿರದ ಭೂಮಿಯನ್ನು ಬಿಟ್ಟಿದ್ದನು. ಆದರೂ ಎಲ್ಲಾ ಸರಾಯಿಗಳು ಎಲ್ಲಾ ಕಾಲದಲ್ಲಿಯೂ ಸುಖಸ್ಥಾನಗಳಾಗಿದ್ದುವೆಂದು ತಿಳಿಯಬಾರದು. ನೂರು ವರ್ಷಗಳ ಮೇಲೆ ಹಿಂದುಸ್ಥಾನಕ್ಕೆ ಬಂದ ಫ್ರೆಂಚ ವೈದ್ಯನಾದ ಬರ್ನಿಯರನು ಸಾಮಾನ್ಯ ಸರಾಯಿಗಳನ್ನು ದೊಡ್ಡ ಕೊಟ್ಟಿಗೆಗಳಿಗೆ ಹೋಲಿಸಿದನು. ನೂರಾರು ಜನರು ಕುದುರೆ, ಹೇಸರಗತ್ತೆ, ಒಂಟೆಗಳೊಡನೆ ಬೆರೆತಿರುವರೆಂದೂ, ಬೇಸಗೆಯಲ್ಲಿ ಉಸಿರುಕಟ್ಟುವುದೆಂದೂ, ಚಳಿಗಾಲದಲ್ಲಿ ಪಶುಗಳ ಉಸಿರಿನ ಬಿಸಿಯೇ ಜನರನ್ನು ಬದುಕಿಸುವುದೆಂದೂ ಅವನ ದೂರು. ಆದರೆ ಶಹಜಹಾನನ ಮಗಳಾದ ಜಹಾನಾರಾ ಬೇಗಮಳು ದಿಲ್ಲಿಯಲ್ಲಿ ಕಟ್ಟಿಸಿದ ಸರಾಯಿಯನ್ನು ಕಂಡಾಗ ಇಂತಹುದು ಪ್ಯಾರಿಸ್ಸಿನಲ್ಲಿಯೂ ಇರಬೇಕಾಗಿತ್ತೆಂದು ಅವನೇ ಬಯಸಿದನು. ನಡೆಯಿಸುವವರಂತೆ ಮನೆಯು.

ಕನ್ನಡ ನಾಡಿನಲ್ಲಿ ಈ ಭಾರವನ್ನು ಬಹುಮಟ್ಟಿಗೆ ಮಠಗಳೂ ದೇವಾಲಯಗಳೂ ಹೊತ್ತುವು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯು ಹಿಂದೆ ದೊಡ್ಡ ವರ್ತಕರ ಪಟ್ಟಣ. ಅಲ್ಲಿ ಕಾಳಾಮುಖ ಆಚಾರ್ಯರ ಕೋಡಿಯಮಠವಿದ್ದಿತು. ಬಿಜ್ಜಳನ ಕಾಲದ 1162ರ ಶಾಸನವು ಆ ಮಠವನ್ನು ವರ್ಣಿಸುತ್ತ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಅಲ್ಲಿ ಅನ್ನವು ದೊರೆಯುತ್ತಿದ್ದುದನ್ನೂ, ನಾನಾ ಮತಗಳ ಸಂನ್ಯಾಸಿಗಳಿಗೆ ಅದು ಆಶ್ರಯವಾಗಿದ್ದುದನ್ನೂ, ರೋಗಿಗಳಿಗೆ ಔಷಧವನ್ನು ಕೊಡುತ್ತಿದ್ದುದನ್ನೂ ಹೇಳುತ್ತದೆ. ಕರತಾಯನ ಪತ್ರಕ್ಕಿಂತ ಇದು 85 ವರ್ಷ ಹಿರಿದು. ಬಳ್ಳಿಗಾವೆಯವರು ಕೈಸೇರಿಯನ್ನು ಅರಿಯರು, ಕೈಸೇರಿಯವರು ಬಳ್ಳಿಗಾವೆಯನ್ನು ಅರಿಯರು. ಆದರೂ ಒಂದು ಕಲ್ಲಿನ ಮೇಲೆಯೂ ಒಂದು ಪತ್ರದಲ್ಲಿಯೂ ಅನ್ನ, ಔಷಧ, ಆಶ್ರಯ ಎಂಬ ಅವೇ ಮೂರು ಮಾತುಗಳು ಬಂದಿವೆ. ಹಸಿವಿಗೆ ಮತವಿಲ್ಲದಿರುವುದರಿಂದ ಅದನ್ನು ತಣಿಸುವ ಧರ್ಮಕ್ಕೂ ಎಲ್ಲೆಯಿಲ್ಲವಾಯಿತು.

ಇಂತಹ ಆಶ್ರಯಗಳು ಮುಚ್ಚಿದುದು ಹೇಗೆ? ಮೊದಲನೆಯದಾಗಿ ದಾರಿಗಳೇ ಬದಲಾದುವು. 1498ರಲ್ಲಿ ಪೋರ್ತುಗೀಜರು ಸಮುದ್ರಮಾರ್ಗವಾಗಿ ಕಲ್ಲಿಕೋಟೆಗೆ ಬಂದ ಬಳಿಕ ದೂರದ ಸರಕು ಕ್ರಮೇಣ ಹಡಗನ್ನು ಹತ್ತಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. 1888ರಲ್ಲಿ ಉಗಿಬಂಡಿಯು ಸಮರಖಂಡವನ್ನು ಮುಟ್ಟಿತು. ತಿಂಗಳ ದಾರಿಯು ಎರಡು ದಿನದ್ದಾದ ಮೇಲೆ ನಡುವಿನ ಮನೆಗಳು ಯಾರಿಗೆ ಬೇಕು? ದಿಲ್ಲಿಯ ಬೇಗಮಳ ಸರಾಯಿಯನ್ನು 1857ರ ದಂಗೆಯ ತರುವಾಯ ಕೆಡವಿದರು. ಕಾಶಿಯ ಹತ್ತಿರದ ಮೊಗಲಸರಾಯಿಯು ದೊಡ್ಡ ರೈಲ್ವೆ ನಿಲ್ದಾಣವಾಗಿ, 2018ರಲ್ಲಿ ಹೆಸರು ಬದಲಾಗುವವರೆಗೂ ಸರಾಯಿಯ ನೆನಪನ್ನು ಹೆಸರಿನಲ್ಲಿ ಹೊತ್ತಿದ್ದಿತು. ಇರಾಣದ 54 ಸರಾಯಿಗಳನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆಯು ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೆಯ ಕಾರಣವು ಹೆಚ್ಚು ಯೋಚಿಸತಕ್ಕದ್ದು. ದಾರಿ ಬದಲಾಗುವುದಕ್ಕೆ ಮುಂಚೆಯೇ ಎಷ್ಟೋ ಮನೆಗಳ ಒಲೆ ಆರಿತ್ತು. ಅರಸನ ಅಪ್ಪಣೆಯಿಂದ ನಡೆದ ಸರಾಯಿಯು ಅರಸನು ಸಾಯಲು ಸೊರಗಿತು. ಬಾಡಿಗೆಯಿಂದ ನಡೆದುದು ಲಾಭವು ಕುಗ್ಗಲು ನಿಂತಿತು. ದತ್ತಿಯಿಂದ ನಡೆದುದಾದರೋ, ಉತ್ಪನ್ನವು ಪತ್ರದ ಮಾತಿನಂತೆ ಅಡಿಗೆಮನೆಗೆ ಹೋಗುವವರೆಗೆ ಬದುಕಿತು. ಅದು ನಡೆಯಿಸುವವರ ಮನೆಗೆ ಹೋಗಲು ತೊಡಗಿದ ದಿನ ಸತ್ತಿತು. ಸಾಯುವಾಗ ಸಪ್ಪಳವಾಗುವುದಿಲ್ಲ. ಗೋಡೆ ಬೀಳುವುದಿಲ್ಲ, ಹೆಬ್ಬಾಗಿಲಿನ ಕೆತ್ತನೆ ಮಾಸುವುದಿಲ್ಲ. ನೀರಿನ ತೊಟ್ಟಿ ಮೊದಲು ಒಣಗುವುದು, ಆಮೇಲೆ ದೀಪಕ್ಕೆ ಎಣ್ಣೆ ತಪ್ಪುವುದು, ಕಡೆಗೆ ನಡುರಾತ್ರಿಯಲ್ಲಿ ಬಾಗಿಲು ತಟ್ಟಿದವನಿಗೆ ಒಳಗಿನಿಂದ ಉತ್ತರವು ಬಾರದು. ಕರತಾಯ್ ಹಾನಿನ ಗೋಡೆಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ನೋಡಬಂದವರು ಅದರ ಶಿಲ್ಪವನ್ನು ಮೆಚ್ಚಿ ಹೋಗುವರು. ಆದರೆ ಅಲ್ಲಿ ಈಗ ಯಾರ ಕಾಲಿಗೂ ಕೆರವು ದೊರೆಯುವುದಿಲ್ಲ.

ಕಲ್ಲಿಗೆ ಕಲ್ಲು ಸೇರಿಸಿ ಕಟ್ಟುವುದು ಒಂದು ತಲೆಮಾರಿನ ಕೆಲಸ. ಒಲೆಯನ್ನು ಆರದಂತೆ ಕಾಯುವುದು ತಲೆಮಾರು ತಲೆಮಾರಿನ ಕಾಯಕ. ಮಹೋತ್ಸವದ ದಿನಗಳಲ್ಲಿ ಹೊಸ ಕಟ್ಟಡಗಳಿಗೆ ಕಾಣಿಕೆ ಸಲ್ಲಿಸುವ ಉತ್ಸಾಹವು ಭಕ್ತರಲ್ಲಿ ಸಹಜವಾಗಿ ಉಕ್ಕುವುದು. ಅದು ಶ್ಲಾಘ್ಯವೇ. ಆದರೆ ಉತ್ಸವವು ಮುಗಿದು, ಚಪ್ಪರವನ್ನು ಬಿಚ್ಚಿ, ನೆರೆದವರೆಲ್ಲರೂ ತಮ್ಮ ತಮ್ಮ ಊರುಗಳನ್ನು ಸೇರಿದ ಮೇಲೆ, ಮಳೆಗಾಲದ ಒಂದು ರಾತ್ರಿಯಲ್ಲಿ ಗುರುತಿಲ್ಲದ ದಾರಿಗನೊಬ್ಬನು ಬಂದು ನಿಂತಾಗ ಅವನಿಗೆ ಬಡಿಸುವ ಹಿಡಿ ಅನ್ನಕ್ಕೆ ಅಕ್ಕಿಯನ್ನು ಯಾರು ಕೊಟ್ಟಿರುವರೋ ಅವರ ಕಾಣಿಕೆಯು ಎಲ್ಲಕ್ಕಿಂತ ಹಿರಿದು. ಅದಕ್ಕೆ ಹೆಸರಿನ ಕಲ್ಲು ಇರದು. ದಾಸೋಹವೆಂಬ ಮಾತಿನಲ್ಲಿಯೇ ನೀಡುವವನು ದಾಸನೆಂಬ ಅರ್ಥವಿದೆ. ಆದುದರಿಂದ ಉಂಡವನು ಋಣಿಯಾಗುವುದಿಲ್ಲ. ಉಣಿಸುವ ಭಾಗ್ಯವನ್ನು ಪಡೆದವನೇ ಋಣಿ.

ಎರಡು ಸಾವಿರ ವರ್ಷಗಳ ದಾರಿಗಳನ್ನು ಸುತ್ತಿ ಬಂದ ಮೇಲೆ ಮಠದ ಆಯುಷ್ಯವನ್ನು ಅಳೆಯುವ ಬಗೆಯೊಂದು ಸ್ಪಷ್ಟವಾಗುವುದು. ಅದರ ಗೋಡೆಗಳು ಎಷ್ಟು ವರ್ಷ ನಿಂತುವೆಂಬುದರಿಂದ ಅಳೆಯುವುದಲ್ಲ. ಅದರ ಒಲೆಯು ಎಷ್ಟು ರಾತ್ರಿ ಆರದೆ ಉರಿಯಿತು ಎಂಬುದರಿಂದ. ಈ ಮಠದ ಬಾಗಿಲು ತಟ್ಟಿದವನಿಗೆ ಯಾವ ಕಾಲಕ್ಕೂ ಒಳಗಿನಿಂದ ಉತ್ತರವು ದೊರೆಯುತ್ತಿರಲಿ.